ಎಡಗಡೆ, ಕೆಳಗೆ, ಆರನೆಯದು

ಕೋಡುಬಳೆ ಕಡಿದೆ. ಅಷ್ಟೇ.
ಕಟ್ ಅಂತ ಒಂದು ಸದ್ದು, ಕಿವಿಯ ಒಳಗಡೆಯಿಂದ.
ನಾಲಿಗೆಯ ಮೇಲೆ ಹಲ್ಲಿನ ಒಂದು ಗೋಡೆ.
ತುಂಬಿಸಿದ ಬೆಳ್ಳಿ ಮಾತ್ರ ಕದಲಿರಲಿಲ್ಲ,
ಮನೆ ಕುಸಿದರೂ ನಿಂತೇ ಇರುವ ಬೀರುವಿನ ಹಾಗೆ.

"ಬರೀ ಬೆಳ್ಳಿಯಲ್ಲ ಆಂಟಿ," ಅಂದಳು ಡಾಕ್ಟರ್ ನೌಶೀನ್,
ಕೆ.ಆರ್. ಪುರದ ಟ್ರಾಫಿಕ್ಕಿಗೆ ಕಿಟಕಿ ಮುಚ್ಚುತ್ತ,
"ಅರ್ಧದಷ್ಟು ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರ."

ತವರ ನನಗೆ ಗೊತ್ತು ಮಗಳೇ.
ದೂರವಾಣಿನಗರದ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ತವರ ಸೀಸದ ಹೊಗೆ ಕುಡಿದವಳು, ಸೆಲಿನಾ, ಟೋಕನ್ ನಂಬರ್ ೪೧೧೭,
ಊರೂರಿನ ಹಲೋ ಹಲೋಗಳಿಗೆ ಬೆಸುಗೆ ಹಾಕಿದವಳು.
ಬಿಸಿಗೆ ಲೋಹ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ,
ಪಕ್ಕದಲ್ಲಿದ್ದದ್ದಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ.
ಆರರ ಶಿಫ್ಟಿನ ಸುಡು ಕಾಫಿ,
ಸಂಬಳದ ದಿನದ ಐಸ್ ಕ್ಯಾಂಡಿ,
ನಲವತ್ತೊಂದು ವರ್ಷ ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ
ಹಲ್ಲನ್ನು ಒಳಗಿಂದಲೇ ಸೀಳಿದೆ.
ಬೈಯಲು ಮನಸ್ಸಾಗಲಿಲ್ಲ. ಅದೂ ದುಡಿದದ್ದೇ.

ಹಾಕಿದವರು ಹಲಸೂರಿನ ಶೆಣೈ ಡಾಕ್ಟರು.
ಕಾಂಪೌಂಡರ್ ಏಳುಮಲೈ ಪುಟ್ಟ ಕಲ್ಬತ್ತಿನಲ್ಲಿ ಅರೆದು
ಚರ್ಮದ ಚೂರಿನಲ್ಲಿ ಸುತ್ತಿ
ಹುಣಸೆ ಹಿಂಡಿದಂತೆ ಹಿಂಡುತ್ತಿದ್ದ, ಬರಿಗೈಯಲ್ಲಿ.
ಹೆಚ್ಚಾದದ್ದು ಬಸಿಗೆ ಉರುಳುತ್ತಿತ್ತು.
ಅಳುವ ಮಕ್ಕಳ ಅಂಗೈಗೆ ಅದರಲ್ಲೊಂದು ಹನಿ.
ನನಗೂ ಬಿಟ್ಟ. ಇಪ್ಪತ್ತಮೂರರ ಹೆಂಗಸು, ನಾನೂ ಆಡಿದೆ.
ಎಷ್ಟೋ ವರ್ಷದ ಮೇಲೆ ಕೆರೆ ಬದಿಯಲ್ಲಿ ಸಿಕ್ಕಿದ್ದ,
ಅವನ ಕೈಯಲ್ಲಿ ಟೀ ಲೋಟ ನಿಲ್ಲುತ್ತಿರಲಿಲ್ಲ.
ವಯಸ್ಸೋ, ಕುಡಿತವೋ, ಆ ಹಿಂಡಿದ್ದೋ,
ಈಗ ಯಾರನ್ನು ಕೇಳಲಿ?

"ಹಾಗಾದರೆ ಇಷ್ಟು ದಿನ ವಿಷ ಅಗಿದೆನಾ?"
"ಗಟ್ಟಿಯಾದ ಮೇಲೆ ಬಿಡುವುದು ತೀರಾ ಕಡಿಮೆ ಆಂಟಿ.
ಸುಮ್ಮನಿರುವುದನ್ನು ನಾನು ಕೆದಕುವವಳಲ್ಲ. ಇದು ಒಡೆದಿದೆ."
ಪಿಂಗಾಣಿಯಾದರೆ ಗಟ್ಟಿ, ಬೆಲೆಯೂ ಗಟ್ಟಿ.
ರೆಸಿನ್ ಅಗ್ಗ, ಸವೆಯುತ್ತದೆ, ಎಂಟೋ ಹತ್ತೋ ವರ್ಷ.
ಪಿಂಚಣಿಯನ್ನೂ ವಯಸ್ಸನ್ನೂ ಕೂಡಿ ಕಳೆದು ಹೇಳಿದೆ:
ರೆಸಿನ್ನೇ ಹಾಕು, ಯಾರು ಮೊದಲು ಸವೆಯುತ್ತೇವೋ ನೋಡೋಣ.

ಪುಟ್ಟ ಪುಟ್ಟ ಹಲ್ಲುಗಳ ಒಂದು ಪಟ್ಟಿ ತಂದಳು.
ಚಿಕ್ಕಪೇಟೆಯಲ್ಲಿ ಬ್ಲೌಸ್ ಪೀಸ್ ಹಿಡಿದು
ಅಂಗಡಿ ಬಾಗಿಲಿಗೆ ಬಂದು ಬಿಸಿಲಲ್ಲಿ ನೋಡುವ ಹಾಗೆ
ನನ್ನ ತುಟಿ ಎತ್ತಿ ಒಂದೊಂದನ್ನೇ ಪಕ್ಕಕ್ಕಿಟ್ಟಳು.
ಬೆಳ್ಳಗಿರುವುದೇ ಇರಲಿ, ಅಂದೆ.
"ಬೇಡ, ಒಪ್ಪಲ್ಲ. ನಿಮ್ಮದು ಕಾಫಿ ಕಲರ್."

ಆಮೇಲೆ ರಬ್ಬರ್ ಹಾಳೆ, ನೀರು, ಹೀರುವ ಕೊಳವೆ,
ಹೊಂಡ ಒಣಗಬೇಕು, ಎಂಜಲ ಒಂದು ಹನಿ ತಾಗಿದರೂ ಕೆಟ್ಟಿತು.
ಪದರದ ಮೇಲೆ ಪದರ, ಪ್ರತಿ ಪದರಕ್ಕೂ ನೀಲಿ ಬೆಳಕು, ಬೀಪ್.
ಹೊಗೆಯಿಲ್ಲ, ಕಮಟು ವಾಸನೆಯಿಲ್ಲ,
ಕುರ್ಚಿಯ ಕೈ ಹಿಡಿದಿದ್ದ ನನ್ನ ಬೆರಳುಗಳಿಗೆ ಅನುಮಾನ:
ಇದೂ ಒಂದು ಬೆಸುಗೆಯಾ?

"ಹಳೇದು ಕೊಡು. ನನ್ನದು."
"ಕೊಡುವಂತಿಲ್ಲ ಆಂಟಿ.
ಚರಂಡಿಗೆ ಬಿದ್ದರೆ ರಾಜಕಾಲುವೆ, ಅಲ್ಲಿಂದ ಕೆರೆ, ಕೆರೆಯ ಮೀನು..."
ಬಿಗಿಮುಚ್ಚಳದ ಜಾಡಿಯನ್ನು ಕಣ್ಣಿಗೆ ಮಾತ್ರ ತೋರಿಸಿದಳು.
ಯಾರ್ಯಾರದೋ ಬೂದು ಚೂರುಗಳು.
ನನ್ನದು ಯಾವುದೆಂದು ಗುರುತು ಸಿಗಲಿಲ್ಲ.

ನಾಲ್ಕನೆಯ ದಿನ
ಚಾಕಲೇಟಿನ ಬೆಳ್ಳಿ ಕಾಗದವನ್ನು ಬೇಕಂತಲೇ ಕಡಿದೆ.
ಮೊದಲು ಅದು ತಾಗಿದರೆ ಸಾಕು,
ಜುಮ್ ಎಂದು ದವಡೆಯಿಂದ ನೆತ್ತಿಗೆ ಒಂದು ಕರೆ.
ಟೆಸ್ಟಿಂಗ್ ಬೆಂಚಿನಲ್ಲಿ ಅದಕ್ಕೆ ಲೈನ್ ಇದೆ ಅನ್ನುತ್ತಿದ್ದೆವು.
ಮತ್ತೊಮ್ಮೆ ಕಡಿದೆ.
ಕಾಗದದ ರುಚಿ.

ಕೋಡುಬಳೆ ಡಬ್ಬ ಅಲ್ಲೇ ಇದೆ.
ಸದ್ಯಕ್ಕೆ ಬಲಗಡೆಯಿಂದ ಕಡಿಯುತ್ತಿದ್ದೇನೆ.